ಹೇಳುವವನು, ಕೇಳುವವನು: ದುರ್ಗಸಿಂಹನ ಪಂಚತಂತ್ರವನ್ನು ಕುರಿತು

ಪಂಚತಂತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಮಕ್ಕಳ ಪುಸ್ತಕ. ಬಾವಿಯಲ್ಲಿ ತನ್ನ ನೆರಳನ್ನೇ ಕಂಡು ಹಾರಿದ ಸಿಂಹ, ಮೊಸಳೆಯ ಬೆನ್ನೇರಿ ಹೊರಟ ಕೋತಿ, ಬಾಯಿ ತೆರೆದು ಆಕಾಶದಿಂದ ಬಿದ್ದ ಆಮೆ. ಚಿತ್ರಗಳೊಡನೆ ಓದಿ, ಕೊನೆಗೊಂದು ನೀತಿವಾಕ್ಯವನ್ನು ಬಾಯಿಪಾಠ ಮಾಡಿ, ಪ್ರೌಢಶಾಲೆಗೆ ಬರುವ ಹೊತ್ತಿಗೆ ನಾವು ಅದನ್ನು ಕೆಳಗಿಟ್ಟಿರುತ್ತೇವೆ. ಆದರೆ ಕನ್ನಡಕ್ಕೆ ಪಂಚತಂತ್ರವನ್ನು ತಂದವನು ಮಕ್ಕಳಿಗಾಗಿ ಬರೆದವನಲ್ಲ. ಅವನು ಕಲ್ಯಾಣ ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಯುದ್ಧ ಮತ್ತು ಶಾಂತಿಯ ಹೊಣೆ ಹೊತ್ತಿದ್ದ ಮಂತ್ರಿ. ಅರಸನ ಕಿವಿಯ ಬಳಿ ನಿಂತು ಮಾತಾಡುವುದೇ ಅವನ ಉದ್ಯೋಗವಾಗಿತ್ತು. ಆ ಉದ್ಯೋಗದ ಒಳಗುಟ್ಟನ್ನು ಬಲ್ಲವನು ಬರೆದ ಗ್ರಂಥವೆಂದು ಓದಿದಾಗ ಪಂಚತಂತ್ರದ ಮುಖವೇ ಬೇರೆಯಾಗಿ ಕಾಣುತ್ತದೆ. ಆ ಮುಖವನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ದುರ್ಗಸಿಂಹನ ಹುಟ್ಟೂರು ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರ. ಕಾಲ ಹನ್ನೊಂದನೆಯ ಶತಮಾನದ ಪೂರ್ವಾರ್ಧ, ಕಾವ್ಯರಚನೆಯನ್ನು ಕ್ರಿ.ಶ. 1031ರ ಸುಮಾರಿಗೆ ಇಡುತ್ತಾರೆ. ಅವನ ಒಡೆಯ ಜಗದೇಕಮಲ್ಲನೆಂಬ ಬಿರುದಿನ ಇಮ್ಮಡಿ ಜಯಸಿಂಹ. ದುರ್ಗಸಿಂಹನ ಪದವಿಯ ಹೆಸರು ಸಂಧಿವಿಗ್ರಹಿ. ಸಂಧಿಯೆಂದರೆ ಕೂಡಿಸುವುದು, ವಿಗ್ರಹವೆಂದರೆ ಕಾದುವುದು. ಯಾವ ರಾಜ್ಯದೊಡನೆ ಕೈ ಜೋಡಿಸಬೇಕು, ಯಾವ ರಾಜ್ಯದ ಮೇಲೆ ದಂಡೆತ್ತಬೇಕು ಎಂಬುದನ್ನು ತೂಗಿ ಹೇಳುವವನು ಅವನು. ಆ ಕಾಲದಲ್ಲಿ ಇದು ಬರಿಯ ಗೌರವದ ಪೀಠವಾಗಿರಲಿಲ್ಲ. ತೆಂಕಣದಿಂದ ರಾಜೇಂದ್ರ ಚೋಳ, ಬಡಗಣದಿಂದ ಪರಮಾರ ಭೋಜ: ಎರಡು ಪ್ರಬಲ ಶಕ್ತಿಗಳ ನಡುವೆ ಜಯಸಿಂಹನ ರಾಜ್ಯ ನಿಂತಿತ್ತು. ಮುಸಂಗಿಯಲ್ಲಿ ಜಯಸಿಂಹನನ್ನು ಸೋಲಿಸಿದೆನೆಂದು ರಾಜೇಂದ್ರನ ಶಾಸನಗಳು ಹೆಮ್ಮೆಯಿಂದ ಸಾರುತ್ತವೆ. ಇಂತಹ ಗಳಿಗೆಗಳಲ್ಲಿ ಒಂದು ತಪ್ಪು ಸಲಹೆಗೆ ಊರುಗಳು ಬೆಲೆ ತೆರುತ್ತವೆ. ಅಂಥ ಹೊಣೆಯ ನಡುವೆ ಇದ್ದವನು ಕಥೆ ಹೇಳಲು ಕುಳಿತನೆಂಬುದನ್ನು ಓದುಗ ಮರೆಯಬಾರದು.

ಅವನು ಆರಿಸಿಕೊಂಡ ಆಕರವೂ ಗಮನಾರ್ಹ. ಇಂದು ನಾವೆಲ್ಲ ಬಲ್ಲದ್ದು ವಿಷ್ಣುಶರ್ಮನ ಹೆಸರಿನ ಪಂಚತಂತ್ರ. ದುರ್ಗಸಿಂಹನಾದರೋ ವಸುಭಾಗಭಟ್ಟನ ಸಂಸ್ಕೃತ ಪಂಚತಂತ್ರವನ್ನು ಅನುಸರಿಸಿದನು. ಆ ಕಥೆಗಳ ಮೂಲವನ್ನು ಗುಣಾಢ್ಯನ ಬೃಹತ್ಕಥೆಗೆ ಒಯ್ಯುತ್ತಾನೆ. ಈ ವಸುಭಾಗನ ಪರಂಪರೆ ಕಡಲು ದಾಟಿ ಜಾವಾ, ಸಯಾಂ ಮೊದಲಾದ ನಾಡುಗಳಿಗೂ ಹೋಗಿದೆ. ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ಆಗ್ನೇಯ ಏಷ್ಯದ ಪಂಚತಂತ್ರ ಪಾಠಗಳನ್ನು ದುರ್ಗಸಿಂಹನ ಕೃತಿಯೊಡನೆ ಹೋಲಿಸಿ ಈ ನಂಟನ್ನು ಶೋಧಿಸಿದರು. ಭಾರತದ ದೇಶಭಾಷೆಗಳಲ್ಲಿ ನಮಗೆ ತಿಳಿದಿರುವ ಮೊದಲ ಪಂಚತಂತ್ರ ಕನ್ನಡದ್ದು. ಅದರಲ್ಲೂ ಉಳಿದೆಡೆ ಅಪರೂಪವಾದ ಒಂದು ಶಾಖೆಯನ್ನು ಕಾಪಾಡಿದ್ದು. ಗದ್ಯಪದ್ಯಗಳು ಬೆರೆತ ಚಂಪುವಿನಲ್ಲಿ ಬರೆದು, ಪೀಠಿಕೆಯಲ್ಲಿ ಶ್ರೀವಿಜಯ, ಅಸಗ, ಪೊನ್ನ, ಪಂಪರಂಥ ಹಿಂದಿನ ಕವಿಗಳನ್ನು ನೆನೆದಿರುವ ದುರ್ಗಸಿಂಹ ತನ್ನ ಕೃತಿಯನ್ನು ಪ್ರೌಢಕಾವ್ಯಗಳ ಸಾಲಿನಲ್ಲಿಯೇ ಇಟ್ಟಿದ್ದಾನೆ.

ಗ್ರಂಥದ ಮೊದಲ ಪ್ರಕರಣದ ಹೆಸರು ಭೇದ. ಕಥೆ ಎಲ್ಲರಿಗೂ ತಿಳಿದದ್ದೇ. ಕಾಡಿನ ಅರಸನಾದ ಸಿಂಹ ಎಂದೂ ಕೇಳದ ಒಂದು ಗುಟುರನ್ನು ಕೇಳಿ ಹೆದರುತ್ತದೆ, ಹೆದರಿದ್ದನ್ನು ಮುಚ್ಚಿಕೊಳ್ಳುತ್ತದೆ. ದಮನಕನೆಂಬ ನರಿ ಅರಸನ ನಿಲುವನ್ನು ನೋಡಿಯೇ ಒಳಗಿನ ಅಂಜಿಕೆಯನ್ನು ಅಳೆಯುತ್ತದೆ. ಸದ್ದಿನ ಮೂಲವನ್ನು ಹುಡುಕಿ ಹೋಗಿ, ಅದೊಂದು ಗೂಳಿಯೆಂದು ತಿಳಿದು, ಸಂಜೀವಕನೆಂಬ ಆ ಗೂಳಿಯನ್ನು ಕರೆತಂದು ಅರಸನೊಡನೆ ಸ್ನೇಹ ಮಾಡಿಸುತ್ತದೆ. ಸ್ನೇಹ ಬೆಳೆದು ತನ್ನ ಸ್ಥಾನ ಸಡಿಲವಾದಾಗ ಅದೇ ನರಿ ಇಬ್ಬರ ನಡುವೆ ಸಂಶಯದ ಬೀಜ ಬಿತ್ತುತ್ತದೆ. ಸಿಂಹಕ್ಕೆ ಹೇಳುತ್ತದೆ, ಗೂಳಿ ನಿನ್ನ ಸಿಂಹಾಸನದ ಮೇಲೆ ಕಣ್ಣಿಟ್ಟಿದೆಯೆಂದು. ಗೂಳಿಗೆ ಹೇಳುತ್ತದೆ, ಸಿಂಹ ನಿನ್ನನ್ನು ಕೊಲ್ಲಲಿದೆಯೆಂದು. ಕೊನೆಗೆ ಗೂಳಿ ಸಾಯುತ್ತದೆ. ಕರಟಕ ದಮನಕರೆಂಬ ಜೋಡಿ ಹೆಸರು ಕನ್ನಡದಲ್ಲಿ ಒಂದು ನುಡಿಗಟ್ಟಾಗಿಯೇ ಉಳಿದಿದೆ.

ಇಲ್ಲಿ ಕವಿಯ ಪದವಿಯನ್ನು ನೆನೆಯೋಣ. ದಮನಕ ಮಾಡಿದ್ದೇನು? ಮೊದಲು ಸಂಧಿ, ಅನಂತರ ವಿಗ್ರಹ. ಅಪರಿಚಿತರಿಬ್ಬರನ್ನು ಕೂಡಿಸಿದವನೂ ಅವನೇ, ಗೆಳೆಯರಿಬ್ಬರನ್ನು ಕಾದಿಸಿದವನೂ ಅವನೇ. ಎಂದರೆ ಆ ಕಾಡಿನ ಸಂಧಿವಿಗ್ರಹಿ ದಮನಕನೇ. ದುರ್ಗಸಿಂಹ ತನ್ನ ಗ್ರಂಥದ ಬಾಗಿಲಲ್ಲಿಯೇ ತನ್ನ ಹುದ್ದೆಯ ಕೆಟ್ಟ ಪ್ರತಿರೂಪವನ್ನು ನಿಲ್ಲಿಸಿದಂತಾಗಿದೆ. ಇನ್ನೂ ಒಂದು ಸೂಕ್ಷ್ಮವಿದೆ. ಮೊದಲ ಸಲಹೆ ಒಳ್ಳೆಯದು, ಎರಡನೆಯದು ಕೆಟ್ಟದ್ದು. ಆದರೆ ಮಾತಿನ ಚಾತುರ್ಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಅದೇ ವಿನಯ, ಅದೇ ಉಪಕಥೆ, ಅದೇ ನೀತಿಶಾಸ್ತ್ರದ ಆಧಾರ. ಮಾತನ್ನು ಮಾತ್ರ ಕೇಳಿದವನಿಗೆ ಹಿತವಚನ ಯಾವುದು, ವಿಷ ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. ಈ ಸಲಹೆಯಿಂದ ಯಾರಿಗೆ ಲಾಭ, ಹೇಳಿದ್ದು ನಿಜವೇ ಎಂದು ನೋಡಲು ಇನ್ನೊಂದು ಕಣ್ಣಿದೆಯೇ, ಎದುರು ಪಕ್ಷದವನನ್ನು ನೇರವಾಗಿ ಕೇಳಬಹುದೇ? ಈ ಮೂರು ಪ್ರಶ್ನೆಗಳನ್ನು ಸಿಂಹ ಕೇಳಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿಂಹ ಕೇಳಲಿಲ್ಲ.

ಅರಸನ ಸಲಹೆಗಾರನ ಸಂಕಟ ನಮ್ಮ ನಾಡೊಂದರದೇ ಅಲ್ಲ. ದುರ್ಗಸಿಂಹನಿಗಿಂತ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಚೀನದಲ್ಲಿ ಏಳು ರಾಜ್ಯಗಳು ಪರಸ್ಪರ ಕಾದುತ್ತಿದ್ದ ಕಾಲದಲ್ಲಿ, ಹಾನ್ ಫೇ ಎಂಬ ರಾಜವಂಶದ ಪಂಡಿತನಿದ್ದನು. ಅವನಿಗೆ ಮಾತು ತೊದಲುತ್ತಿತ್ತು. ಆದುದರಿಂದ ಹೇಳಬೇಕಾದುದನ್ನೆಲ್ಲ ಬರೆದನು. ಅವನ ಬರಹಗಳಲ್ಲಿ ಅರಸನ ಮನವೊಲಿಸುವುದು ಎಷ್ಟು ಕಠಿಣವೆಂಬುದನ್ನು ಕುರಿತ ಪ್ರಬಂಧವೊಂದಿದೆ. ವಿಷಯ ತಿಳಿಯದಿರುವುದು ಕಷ್ಟವಲ್ಲ, ಮಾತು ಬಾರದಿರುವುದೂ ಕಷ್ಟವಲ್ಲ. ಕೇಳುವವನ ಹೃದಯವನ್ನು ಅರಿತು ಅದಕ್ಕೆ ಹೊಂದುವಂತೆ ನುಡಿಯುವುದೇ ಕಷ್ಟ ಎಂಬುದು ಅದರ ತಿರುಳು. ಅದರಲ್ಲಿ ಬರುವ ಒಂದು ಕಥೆ ನಮ್ಮ ಪಂಚತಂತ್ರದಲ್ಲಿಯೂ ಸಲ್ಲುವಂತಿದೆ. ಮಳೆಗೆ ಸಿರಿವಂತನೊಬ್ಬನ ಗೋಡೆ ಕುಸಿಯುತ್ತದೆ. ಕಟ್ಟಿಸದಿದ್ದರೆ ಕಳ್ಳರು ಬಂದಾರೆಂದು ಮಗ ಹೇಳುತ್ತಾನೆ. ನೆರೆಮನೆಯ ಮುದುಕನೂ ಅದನ್ನೇ ಹೇಳುತ್ತಾನೆ. ಆ ರಾತ್ರಿ ಕಳವಾಗುತ್ತದೆ. ಸಿರಿವಂತ ಮಗನನ್ನು ಬುದ್ಧಿವಂತನೆಂದು ಮೆಚ್ಚುತ್ತಾನೆ, ನೆರೆಯವನನ್ನು ಕಳ್ಳನೆಂದು ಶಂಕಿಸುತ್ತಾನೆ. ಮಾತು ಒಂದೇ, ಹೇಳಿದವನು ಯಾರೆಂಬುದರ ಮೇಲೆ ಅದರ ಬೆಲೆ ಬದಲಾಯಿತು.

ಹಾನ್ ಫೇಯ ಬಾಳು ಅವನ ಪ್ರಬಂಧಕ್ಕೆ ಕ್ರೂರವಾದ ವ್ಯಾಖ್ಯಾನವಾಯಿತು. ಅವನ ಸ್ವಂತ ರಾಜ್ಯದ ಅರಸ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶತ್ರುವಾದ ಚಿನ್ ರಾಜ್ಯದ ಅರಸ, ಮುಂದೆ ಚೀನದ ಮೊದಲ ಸಾಮ್ರಾಟನಾದವನು, ಅವನ ಬರಹವನ್ನು ಓದಿ ಬೆರಗಾದನು. ಹಾನ್ ಫೇ ದೂತನಾಗಿ ಆ ಆಸ್ಥಾನಕ್ಕೆ ಹೋದಾಗ, ಒಂದೇ ಗುರುವಿನ ಬಳಿ ಅವನೊಡನೆ ಕಲಿತಿದ್ದ ಲೀ ಸಿ ಎಂಬ ಮಂತ್ರಿ ಅರಸನ ಕಿವಿ ಕಚ್ಚಿದನು: ಇವನು ಪರರಾಜ್ಯದವನು, ಎಂದಿಗೂ ನಿನ್ನವನಾಗಲಾರನು ಎಂದು. ಹಾನ್ ಫೇಯನ್ನು ಸೆರೆಗೆ ತಳ್ಳಿದರು. ಲೀ ಸಿ ವಿಷವನ್ನು ಕಳುಹಿಸಿದನು. ಕ್ರಿ.ಪೂ. 233ರಲ್ಲಿ ಅವನು ಸತ್ತ ಮೇಲೆ ಅರಸ ಪಶ್ಚಾತ್ತಾಪಪಟ್ಟನಂತೆ. ಮನವೊಲಿಸುವ ಕಷ್ಟವನ್ನು ಅಷ್ಟು ಚೆನ್ನಾಗಿ ಬರೆದವನು ತಾನೇ ಅದರಿಂದ ಪಾರಾಗಲಿಲ್ಲವಲ್ಲ ಎಂದು ಚೀನದ ಮಹಾ ಇತಿಹಾಸಕಾರ ಸೀಮಾ ಚಿಯೆನ್ ಮರುಗಿದ್ದಾನೆ. ಲೀ ಸಿಯ ಗತಿಯೂ ಒಳ್ಳೆಯದಾಗಲಿಲ್ಲ. ಇನ್ನೊಬ್ಬ ಕುಟಿಲನ ಸಂಚಿಗೆ ಸಿಕ್ಕಿ ಕ್ರಿ.ಪೂ. 208ರಲ್ಲಿ ಅವನೂ ವಧೆಗೊಂಡನು.

ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ದುರ್ಗಸಿಂಹನ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಹಾನ್ ಫೇಯ ಆ ಪ್ರಬಂಧ ಹೇಳುವವನಿಗಾಗಿ ಬರೆದದ್ದು: ಅರಸನ ಮನಸ್ಸು ಹೀಗಿರುತ್ತದೆ, ನೀನು ಹೀಗೆ ನಡೆದುಕೋ ಎಂದು. ಪಂಚತಂತ್ರ ಕೇಳುವವನಿಗಾಗಿ ಇರುವುದು. ಅದರ ಹೊರಗಥೆಯೇ ರಾಜಕುಮಾರರಿಗೆ ನೀತಿ ಕಲಿಸುವ ಕಥೆ. ನಾಳೆ ಸಿಂಹಾಸನವೇರುವವನ ಮುಂದೆ ದಮನಕನನ್ನು ನಿಲ್ಲಿಸಿ, ನಿನ್ನ ಬಳಿ ಬರುವ ಜಾಣರು ಹೀಗೆ ಮಾತಾಡುತ್ತಾರೆ, ನಿನ್ನ ಅಂಜಿಕೆಯನ್ನು ಹೀಗೆ ಓದುತ್ತಾರೆ, ನಿನ್ನ ಗೆಳೆಯನನ್ನು ಹೀಗೆ ದೂರ ಮಾಡುತ್ತಾರೆ ಎಂದು ತೋರಿಸುತ್ತದೆ. ಈ ಗ್ರಂಥವನ್ನು ಒಬ್ಬ ಮಂತ್ರಿಯೇ ತನ್ನ ನಾಡಿನ ನುಡಿಗೆ ತಂದನೆಂಬುದು ಸಣ್ಣ ಸಂಗತಿಯಲ್ಲ. ಜಾದೂಗಾರ ತನ್ನ ಕೈಚಳಕವನ್ನು ತಾನೇ ಬಿಡಿಸಿ ತೋರಿಸಿದರೆ ಅವನ ಹೊಟ್ಟೆಪಾಡಿಗೆ ಕುತ್ತು. ಮಂತ್ರಿಯೊಬ್ಬ ಮಂತ್ರಿಗಳ ಕೈಚಳಕವನ್ನು ಅರಸನಿಗೆ ತೋರಿಸಿಕೊಟ್ಟರೆ ಅವನ ಮಾತನ್ನೂ ನಾಳೆ ಅದೇ ಒರೆಗಲ್ಲಿಗೆ ಹಚ್ಚುತ್ತಾರೆ. ಹಚ್ಚಲಿ ಎಂದವನು ಮಾತ್ರ ಇಂತಹ ಪುಸ್ತಕವನ್ನು ಬರೆಯಬಲ್ಲ. ದುರ್ಗಸಿಂಹನ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ.

ಕಥೆ ಪಡುವಣಕ್ಕೆ ಹೋದಾಗ ಏನಾಯಿತೆಂಬುದೂ ನೆನೆಯತಕ್ಕದ್ದು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಎಂಬ ಆಸ್ಥಾನದ ಬರಹಗಾರ ಇದನ್ನು ಅರಬ್ಬಿಗೆ ತಂದನು. ಕರಟಕ ದಮನಕರು ಅಲ್ಲಿ ಕಲೀಲ ಮತ್ತು ದಿಮ್ನ ಆದರು. ಆ ಗ್ರಂಥದಲ್ಲಿ ದಿಮ್ನನನ್ನು ವಿಚಾರಣೆಗೆ ಒಳಪಡಿಸುವ ಒಂದು ಹೊಸ ಅಧ್ಯಾಯ ಸೇರಿಕೊಂಡಿತು. ಭೇದ ಹುಟ್ಟಿಸಿದವನು ಶಿಕ್ಷೆಯಿಲ್ಲದೆ ಹೋಗುವುದನ್ನು ಓದುಗರ ನ್ಯಾಯಬುದ್ಧಿ ಸಹಿಸಲಿಲ್ಲವೆಂದು ತೋರುತ್ತದೆ. ಆ ಅನುವಾದಕನಾದರೂ ಅಧಿಕಾರದಲ್ಲಿದ್ದವರ ಕೋಪಕ್ಕೆ ಸಿಕ್ಕಿ ಕೊಲೆಯಾದನು. ಚೀನದಲ್ಲಿಯೂ ಅರಬ್ಬರ ನಾಡಿನಲ್ಲಿಯೂ ಅರಸರ ಕಿವಿಯನ್ನು ಕುರಿತು ಬರೆದವರು ಅರಸರ ಕೈಯಲ್ಲಿಯೇ ಅಳಿದದ್ದು ಕಾಕತಾಳೀಯವಿರಲಾರದು.

ದುರ್ಗಸಿಂಹನ ಕೃತಿಯಲ್ಲಿ ಉತ್ತರವಿರುವುದು ಪ್ರಕರಣಗಳ ಕ್ರಮದಲ್ಲಿ. ಪ್ರಸಿದ್ಧವಾದ ಸಂಸ್ಕೃತ ಪಾಠದಲ್ಲಿ ಮಿತ್ರಭೇದದ ಬೆನ್ನಿಗೇ ಮಿತ್ರಲಾಭ ಬರುತ್ತದೆ. ವಿಚಾರಿಸದೆ ಮಾಡಿದ ಕೆಲಸದ ಕಥೆ ಎಲ್ಲಕ್ಕಿಂತ ಕೊನೆಗೆ. ಕನ್ನಡದಲ್ಲಿ ಹಾಗಿಲ್ಲ. ಇಲ್ಲಿ ಸಾಲು ಹೀಗೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಭೇದದ ಗಾಯ ಹಸಿಯಿರುವಾಗಲೇ ಪರೀಕ್ಷೆ ಬರುತ್ತದೆ. ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯ ಬಾಯಲ್ಲಿ ನೆತ್ತರು ಕಂಡು, ತೊಟ್ಟಿಲನ್ನು ನೋಡದೆ ಅದನ್ನು ಕೊಂದವರ ಕಥೆ ಎಲ್ಲರ ಮನೆಯಲ್ಲಿಯೂ ಉಂಟು. ಸಿಂಹ ಕಿವಿಯನ್ನು ನಂಬಿ ಕೆಟ್ಟಿತು. ಮುಂಗುಸಿಯನ್ನು ಸಾಕಿದವರು ಕಣ್ಣನ್ನು ನಂಬಿ ಕೆಟ್ಟರು. ಎರಡೂ ಕಡೆ ತಪ್ಪಿದ್ದು ಇನ್ನೊಂದು ಹೆಜ್ಜೆ ಮುಂದಿಟ್ಟು ನೋಡುವ ವ್ಯವಧಾನ. ಪರೀಕ್ಷೆ ಕಲಿತ ಮೇಲೆ ಯಾರನ್ನು ಎಷ್ಟು ನಂಬಬೇಕೆಂಬ ವಿಶ್ವಾಸದ ಪ್ರಶ್ನೆ, ನಂಬಿಕೆಯ ಹೆಸರಿನಲ್ಲಿ ನಡೆಯುವ ವಂಚನೆಯ ಪ್ರಶ್ನೆ. ಇವನ್ನೆಲ್ಲ ದಾಟಿ ಬಂದವನಿಗೆ ಕೊನೆಯಲ್ಲಿ ಮಿತ್ರಕಾರ್ಯ. ಕಾಗೆ, ಇಲಿ, ಆಮೆ, ಜಿಂಕೆಗಳಂಥ ಬಲಹೀನರು ಒಬ್ಬರಿಗೊಬ್ಬರು ಆಗಿ ಬೇಡನ ಬಲೆಯಿಂದ ಪಾರಾಗುವ ಕಥೆ. ಅಲ್ಲಿ ಅರಸನಿಲ್ಲ, ಮಂತ್ರಿಯಿಲ್ಲ. ಸಮಾನರ ನಡುವಿನ ಸಲಹೆ ಮಾತ್ರ ಇದೆ. ಅರಮನೆಯ ಒಡಕಿನಿಂದ ಹೊರಟ ಗ್ರಂಥ ಕಾಡಿನ ಬಡಪಾಯಿಗಳ ಒಕ್ಕಟ್ಟಿನಲ್ಲಿ ನಿಲ್ಲುತ್ತದೆ. ಈ ಕ್ರಮ ಅವನಿಗೆ ಪರಂಪರೆಯಿಂದ ಬಂದದ್ದಾದರೂ, ಆ ಪರಂಪರೆಯನ್ನು ಆರಿಸಿಕೊಂಡದ್ದು ಅವನ ವಿವೇಕ.

ಗುಣದೊಡನೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ದುರ್ಗಸಿಂಹನ ಶೈಲಿ ಸುಲಭವಲ್ಲ. ಸಂಸ್ಕೃತದ ಉದ್ದ ಸಮಾಸಗಳು ಗದ್ಯದ ಓಟಕ್ಕೆ ಅಡ್ಡ ಬರುತ್ತವೆ. ಪ್ರಾಣಿಗಳು ಮಾತಾಡಬೇಕಾದಲ್ಲಿ ಪಂಡಿತರು ಮಾತಾಡುತ್ತಾರೆ. ವರ್ಣನೆಗಳು ಕಥೆಯನ್ನು ತಡೆದು ನಿಲ್ಲಿಸುವ ಸ್ಥಳಗಳೂ ಇವೆ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು ಕಥೆ ಎಂದು ಹೋಗುವಾಗ ಮೊದಲು ಮಾತು ಆರಂಭಿಸಿದವರು ಯಾರೆಂಬುದೇ ಮರೆತುಹೋಗುವುದುಂಟು. ಇಂದಿನ ಓದುಗನಿಗೆ ಹೊಸಗನ್ನಡದ ಗದ್ಯಾನುವಾದದ ನೆರವು ಬೇಕೇ ಬೇಕು. ಆದರೂ ಈ ಬಿಗಿಯ ನಡುವೆ ದಮನಕ ಬಾಯಿ ತೆರೆದನೆಂದರೆ ಗದ್ಯಕ್ಕೆ ಜೀವ ಬರುತ್ತದೆ. ಕುಟಿಲನ ಮಾತಿಗೆ ಕವಿ ತನ್ನ ಚಾತುರ್ಯವನ್ನೆಲ್ಲ ಧಾರೆಯೆರೆದಿದ್ದಾನೆ. ದುಷ್ಟನ ವಾದವನ್ನು ದುರ್ಬಲಗೊಳಿಸಿ ಗೆಲ್ಲುವ ಅಗ್ಗದ ದಾರಿಯನ್ನು ಅವನು ಹಿಡಿಯಲಿಲ್ಲ.

ಈ ಗುಣವನ್ನು ಮೆಚ್ಚಲು ಕಾಸರಗೋಡಿನವರಾದ ನಮಗೆ ವಿಶೇಷ ಅಧಿಕಾರವುಂಟು. ಕುಂಬಳೆ ಸೀಮೆಯ ಪಾರ್ತಿಸುಬ್ಬ ರಾಮಾಯಣವನ್ನು ಯಕ್ಷಗಾನ ಪ್ರಸಂಗಗಳಾಗಿ ಹಾಡಿದಂದಿನಿಂದ, ಅರಸನಿಗೆ ಬುದ್ಧಿ ಹೇಳುವ ಸನ್ನಿವೇಶಗಳು ನಮ್ಮ ಕಿವಿಗೆ ರೂಢಿಯಾಗಿವೆ. ವಿಭೀಷಣನ ನೀತಿ, ಅಂಗದನ ಸಂಧಾನ, ಮಹಾಭಾರತದ ಪ್ರಸಂಗಗಳಲ್ಲಿ ವಿದುರನ ಹಿತೋಕ್ತಿ, ಕೃಷ್ಣನ ರಾಯಭಾರ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕುಳಿತು ಅರ್ಥ ಹೇಳುವುದೊಂದೇ. ಪದ್ಯ ಕವಿಯದು, ಮಾತು ಆ ಹೊತ್ತಿಗೆ ಹುಟ್ಟುವುದು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನು ಕೇಳಿದ ಹಿರಿಯರು ಈಗಲೂ ಹೇಳುತ್ತಾರೆ, ಆ ಹೊತ್ತಿಗೆ ರಾವಣನದೇ ಸರಿಯೆಂದು ಅನಿಸುತ್ತಿತ್ತೆಂದು. ಹಾಗೆ ಅನಿಸಿದ ಮೇಲೆಯೂ ಮನೆಗೆ ಹೋಗುವ ದಾರಿಯಲ್ಲಿ ರಾವಣನ ವಾದದ ಬಿರುಕು ಎಲ್ಲಿತ್ತೆಂದು ಚರ್ಚಿಸುತ್ತಿದ್ದರಲ್ಲ, ಅದೇ ನಿಜವಾದ ಪರೀಕ್ಷಾ ಪ್ರಕರಣ. ಹೀಗೆ ತಾಳಮದ್ದಳೆ ಕೇಳುವವರನ್ನು ಬೆಳೆಸುವ ಒಂದು ಪಾಠಶಾಲೆ. ಚಂದದ ಮಾತಿಗೆ ತಲೆದೂಗುವುದು ಬೇರೆ, ಆ ಮಾತಿಗೆ ಒಪ್ಪುವುದು ಬೇರೆ ಎಂಬ ವಿವೇಕವನ್ನು ಶಾಲೆಯ ಮೆಟ್ಟಿಲು ಹತ್ತದವರಿಗೂ ಅದು ಕಲಿಸಿದೆ.

ಈ ವಿವೇಕದ ಅಗತ್ಯ ನಮಗೆ ಇಂದು ಹೆಚ್ಚಾಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಗಡಿನಾಡಿನ ಕನ್ನಡಿಗರು ಆಳುವವರಿಗೆ ಹೇಳುತ್ತಲೇ ಬಂದಿದ್ದಾರೆ. ಕಯ್ಯಾರ ಕಿಞ್ಞಣ್ಣ ರೈಗಳು ಕವಿತೆಯಲ್ಲಿಯೂ ಸಭೆಯಲ್ಲಿಯೂ ಹೇಳಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಸಲಹೆ ಮಾಡಿತು. ಸಲಹೆ ಕಾಗದದಲ್ಲಿ ಉಳಿಯಿತು. ಕೇಳದ ಅರಸರ ಮುಂದೆ ಹೇಳುವವನ ಪಾಡೇನೆಂಬುದು ನಮಗೆ ಪುಸ್ತಕದಿಂದ ಕಲಿಯಬೇಕಾದ ವಿಷಯವಲ್ಲ. ಹೇಳುವವರಾಗಿ ನಮ್ಮ ಅನುಭವ ದೊಡ್ಡದು. ಕೇಳುವವರಾಗಿ ನಾವು ಹೇಗಿದ್ದೇವೆ ಎಂಬ ಪ್ರಶ್ನೆಯನ್ನು ದುರ್ಗಸಿಂಹ ಎತ್ತುತ್ತಾನೆ.

ಇದು ಸಪ್ತಭಾಷಾ ಸಂಗಮಭೂಮಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಒಂದೇ ಪೇಟೆಯಲ್ಲಿ ಬೆರೆಯುವ ನೆಲ. ಇಲ್ಲಿ ಸಿಂಹ ಗೂಳಿಗಳ ಸ್ನೇಹಕ್ಕೆ ಕೊರತೆಯಿಲ್ಲ. ಆದುದರಿಂದಲೇ ದಮನಕನಿಗೂ ಕೆಲಸವಿದೆ. ಈಗ ಅವನು ಅರಮನೆಗೆ ಹೋಗಬೇಕಾದ್ದಿಲ್ಲ. ಪ್ರಜಾಪ್ರಭುತ್ವದಲ್ಲಿ ಅರಸನ ಕಿವಿಯೆಂದರೆ ನಮ್ಮೆಲ್ಲರ ಕಿವಿ. ಅವನ ಮಾತು ಕೈಯಲ್ಲಿರುವ ಫೋನಿಗೇ ಬರುತ್ತದೆ. ಆ ಮನೆಯವರು ನಿಮ್ಮ ಬಗ್ಗೆ ಹೀಗೆ ಹೇಳಿದರಂತೆ, ಆ ಭಾಷೆಯವರು ನಿಮ್ಮ ಶಾಲೆಯನ್ನು ನುಂಗಲಿದ್ದಾರಂತೆ, ಆ ಊರಿನವರು ಹೀಗಂತೆ. ಈ "ಅಂತೆ"ಯನ್ನು ಮುಂದಕ್ಕೆ ದಾಟಿಸುವ ಮೊದಲು ಸಿಂಹ ಕೇಳದೆ ಬಿಟ್ಟ ಮೂರು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳಬಹುದು. ನಮ್ಮ ನ್ಯಾಯವಾದ ಬೇಡಿಕೆಯನ್ನು ಗಟ್ಟಿಯಾಗಿ ಹೇಳುವುದಕ್ಕೂ ನೆರೆಯವನನ್ನು ಶಂಕಿಸುವುದಕ್ಕೂ ಸಂಬಂಧವಿಲ್ಲ. ಇವೆರಡನ್ನು ಒಂದೆಂದು ನಂಬಿಸುವವನೇ ದಮನಕ.

ಸಂಘದ ಹಿರಿಯರಲ್ಲಿಯೂ ಅಧ್ಯಾಪಕ ಬಂಧುಗಳಲ್ಲಿಯೂ ಒಂದು ಬಿನ್ನಹ. ದುರ್ಗಸಿಂಹನ ಪಂಚತಂತ್ರವನ್ನು ಮಕ್ಕಳ ಕಪಾಟಿನಿಂದ ಎತ್ತಿ ಹಿರಿಯರ ಓದುಕೂಟಕ್ಕೆ ತರಬೇಕು. ಒಂದೊಂದು ತಿಂಗಳು ಒಂದೊಂದು ಪ್ರಕರಣವೆಂದರೂ ಐದು ತಿಂಗಳ ಕೆಲಸ. ಭೇದ ಪ್ರಕರಣವನ್ನು ನಮ್ಮ ಅರ್ಥಧಾರಿಗಳು ಕೈಗೆತ್ತಿಕೊಂಡು, ಒಬ್ಬರು ದಮನಕನಾಗಿ, ಇನ್ನೊಬ್ಬರು ಸಿಂಹವಾಗಿ ಎದುರುಬದುರು ಕುಳಿತರೆ ಎಂತಹ ತಾಳಮದ್ದಳೆಯಾದೀತು! ಸಾವಿರ ವರ್ಷಗಳ ಹಿಂದಿನ ಸಂಧಿವಿಗ್ರಹಿಯ ಕಾವ್ಯಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ. ಅವನು ಅರಸುಮಕ್ಕಳಿಗೆ ಕಲಿಸಲು ಬಯಸಿದ ಕೇಳುವ ವಿದ್ಯೆಯನ್ನು, ಅರಸರಿಲ್ಲದ ಈ ಕಾಲದಲ್ಲಿ ನಾವು ನಮ್ಮ ನಮ್ಮ ಮನೆಯ ಮಕ್ಕಳಿಗೆ ಕಲಿಸಬೇಕಾಗಿದೆ.